ರಾತ್ರಿ ಊಟಕ್ಕೆ ಬಿಸಿ ಚೀಸ್ ಸ್ಯಾಂಡ್‌ವಿಚ್



ಕಳೆದ ವರ್ಷ ಒಂದು ಸಂಘದ ವಾರದ ಸಭೆಗೆ ಹೋಗಿದ್ದೆವು. ಉಳಿತಾಯ ಕಟ್ಟಿ, ಸಾಲದ ಕಂತು ಬರೆದು, ಪುಸ್ತಕಕ್ಕೆ ಸಹಿ ಹಾಕುವ ಹೊತ್ತಿಗೆ ಏಳು ಗಂಟೆ ದಾಟಿತ್ತು. ಎಲ್ಲರಿಗೂ ಮನೆಗೆ ಓಡುವ ಅವಸರ. “ಇನ್ನು ಹೋಗಿ ಅನ್ನಕ್ಕಿಡಬೇಕು, ಸಾರು ಮಾಡಬೇಕು, ಮುದ್ದೆ ತೊಳಸಬೇಕು ಸಿಸ್ಟರ್” ಎಂದು ಒಬ್ಬರು ಎದ್ದರು. ಪಕ್ಕದಲ್ಲಿದ್ದ ಇನ್ನೊಬ್ಬ ಸದಸ್ಯೆ ಹೇಳಿದರು: “ನಮ್ಮನೆ ಮಕ್ಕಳಿಗೆ ಮುದ್ದೆ ಬ್ಯಾಡ್ವಂತೆ, ಪೇಟೇಲಿ ಮಾರೋ ಚೀಸ್ ಸ್ಯಾಂಡ್‌ವಿಚ್ಚೇ ಬೇಕಂತೆ. ಮೊನ್ನೆ ಜಾತ್ರೆಗೆ ಹೋದಾಗ ನಾಲ್ಕು ಜನ ತಿಂದ್ವಿ. ನನ್ನ ಒಂದು ದಿನದ ಕೂಲಿ ಹೋಯ್ತು, ಹೊಟ್ಟೆ ಮಾತ್ರ ತುಂಬ್ಲಿಲ್ಲ.” ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಮುಂದಿನ ತಿಂಗಳ ಪೌಷ್ಟಿಕ ಆಹಾರದ ತರಬೇತಿಯಲ್ಲಿ ಇದನ್ನೇ ಮಾಡಿ ತೋರಿಸೋಣ, ಕಡಿಮೆ ಖರ್ಚಿನಲ್ಲಿ, ಹೊಟ್ಟೆ ತುಂಬುವ ಹಾಗೆ, ನಮ್ಮ ದೋಸೆ ಕಾವಲಿಯ ಮೇಲೆಯೇ ಮಾಡೋಣ ಎಂದು ಒಪ್ಪಿಕೊಂಡು ಬಂದೆವು.

ನಿಜ ಹೇಳಬೇಕೆಂದರೆ ಆ ಮೊದಲ ಪ್ರಯತ್ನ ಕೆಟ್ಟಿತು. ಆಲೂಗಡ್ಡೆ ಪಲ್ಯವನ್ನು ಬೆಳಿಗ್ಗೆಯೇ ಮಾಡಿ ತಂದಿದ್ದೆವು, ಅದು ತಣ್ಣಗೆ ನೀರಾಡುತ್ತಿತ್ತು. ಚೀಸನ್ನು ದಪ್ಪ ತುಂಡು ಮಾಡಿ ಇಟ್ಟೆವು. ಹತ್ತಿಪ್ಪತ್ತು ಜನ ಕಾದು ಕೂತಿದ್ದಾರೆಂದು ಉರಿ ಜೋರು ಮಾಡಿದೆವು. ಬ್ರೆಡ್ಡು ಹೊರಗೆ ಕರಿಕಲಾಯಿತು, ಒಳಗೆ ಚೀಸು ಹಾಗೇ ಗಟ್ಟಿಯಾಗಿ ಕೂತಿತ್ತು, ತಿರುವಿ ಹಾಕುವಾಗ ಪಲ್ಯವೆಲ್ಲ ಕಾವಲಿಗೆ ಸುರಿಯಿತು. ಅದಕ್ಕಿಂತ ದೊಡ್ಡ ತಪ್ಪು ಕೊನೆಗೆ ಗೊತ್ತಾಯಿತು. ಒಂದೊಂದಾಗಿ ಮಾಡಿ ಒಬ್ಬೊಬ್ಬರಿಗೇ ಕೊಡುತ್ತಾ ಹೋದೆವು. ಒಲೆ ಮುಂದೆ ಒಂದೂವರೆ ಗಂಟೆ ನಿಂತು ಮಾಡಿಕೊಟ್ಟ ಸಹೋದರಿಗೆ ಉಳಿದದ್ದು ಬ್ರೆಡ್ಡಿನ ಎರಡು ತುದಿ ತುಂಡು, ತಳ ಹಿಡಿದ ಒಂದಿಷ್ಟು ಪಲ್ಯ. ಚೀಸು ಖಾಲಿ. “ಪರವಾಗಿಲ್ಲ ಸಿಸ್ಟರ್, ಮನೇಲೂ ಹಿಂಗೇ ಅಲ್ವಾ” ಎಂದರು ಅವರು.

ಆದ್ದರಿಂದ ಈ ಲೇಖನದಲ್ಲಿ ಚೀಸ್ ಸ್ಯಾಂಡ್‌ವಿಚ್ ಮಾಡುವ ವಿಧಾನದ ಜೊತೆಗೆ, ಮಾಡುವವಳೂ ಮನೆಯವರ ಜೊತೆ ಕೂತು ಬಿಸಿಯಾಗಿ ತಿನ್ನಲು ಏನು ಮಾಡಬೇಕು ಎಂಬುದನ್ನೂ ಬರೆಯುತ್ತಿದ್ದೇವೆ. ಆಮೇಲೆ ನಾಲ್ಕೈದು ಸಲ ಮಾಡಿ ನೋಡಿ ಸರಿಪಡಿಸಿಕೊಂಡ ವಿಧಾನವಿದು.

ಮೊದಲು ಚೀಸ್ ಎಂದರೇನು ಎಂದು ತಿಳಿದುಕೊಳ್ಳೋಣ. ಕೆಲವರು “ಅದು ಬೆಣ್ಣೆ ತಾನೇ?” ಎಂದು ಕೇಳುತ್ತಾರೆ. ಅಲ್ಲ. ಬೆಣ್ಣೆ ಹಾಲಿನ ಕೊಬ್ಬು. ಚೀಸಿನಲ್ಲಿ ಕೊಬ್ಬಿನ ಜೊತೆಗೆ ಹಾಲಿನ ಪ್ರೋಟೀನ್ ಮತ್ತು ಸುಣ್ಣದ ಅಂಶವೂ ಇರುತ್ತದೆ. ಹಾಲಿಗೆ ಹೆಪ್ಪು ಮತ್ತು ರೆನೆಟ್ ಎಂಬ ಕಿಣ್ವ ಹಾಕಿ ಗಡ್ಡೆ ಕಟ್ಟಿಸಿ, ನೀರು ಬಸಿದು, ಉಪ್ಪು ಸೇರಿಸಿ, ಒತ್ತಿಟ್ಟು, ತಿಂಗಳುಗಟ್ಟಲೆ ಮಾಗಿಸುತ್ತಾರೆ. ಹೀಗೆ ಮಾಗಿದ 1 ಕಿಲೋ ಚೀಸಿಗೆ ಸುಮಾರು 10 ಲೀಟರ್ ಹಸುವಿನ ಹಾಲು ಬೇಕು. ಬೆಲೆ ಯಾಕೆ ಜಾಸ್ತಿ ಎಂದು ಇದರಿಂದ ಅರ್ಥವಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಪ್ರೊಸೆಸ್ಡ್ ಚೀಸ್. ಅಂದರೆ ಮಾಗಿದ ಚೀಸನ್ನು ಪುಡಿ ಮಾಡಿ, ಕೆಲವು ಲವಣಗಳನ್ನು ಸೇರಿಸಿ ಮತ್ತೆ ಕಾಯಿಸಿ ಅಚ್ಚು ಹಾಕಿದ್ದು. ಆ ಲವಣಗಳಿಂದಾಗಿಯೇ ಅದು ಬಿಸಿಗೆ ಎಣ್ಣೆ ಬಿಡದೆ ನುಣ್ಣಗೆ ಕರಗುತ್ತದೆ. ಸಸ್ಯಾಹಾರಿ ಮನೆಗಳ ಸಹೋದರಿಯರು ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿಕೊಳ್ಳಿ. ಹಿಂದೆ ರೆನೆಟ್ಟನ್ನು ಕರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು. ಹಸಿರು ಚುಕ್ಕೆಯ ಚೀಸಿಗೆ ಹಾಕುವ ಕಿಣ್ವ ಪ್ರಾಣಿಯದ್ದಲ್ಲ.

ನಮ್ಮ ರಾಜ್ಯದ ಹಾಲು ಮಹಾಮಂಡಳದ ನಂದಿನಿ ಚೀಸ್ ಇದೆ, ಗುಜರಾತಿನ ಅಮುಲ್ ಚೀಸ್ ಇದೆ. ಎರಡೂ ಹಾಲು ಉತ್ಪಾದಕರ ಸಹಕಾರ ಸಂಘಗಳಿಂದ ಬೆಳೆದವು. ಅಮುಲ್‌ನ ಮೂಲ ಸಂಘ 1946ರಲ್ಲಿ ಆಣಂದದಲ್ಲಿ ಹುಟ್ಟಿದ್ದು. ಬೇರೆ ಕಂಪನಿಗಳದ್ದೂ ಇವೆ. ಯಾವುದನ್ನೇ ಕೊಳ್ಳಿ, ಪೊಟ್ಟಣ ತಿರುಗಿಸಿ ಏನೇನು ಹಾಕಿದ್ದಾರೆ ಎಂದು ಓದಿ. ನಿಮಗೆ ಓದಲು ಕಷ್ಟವಾದರೆ ಶಾಲೆಗೆ ಹೋಗುವ ಮಗಳ ಕೈಲಿ ಓದಿಸಿ. ಮೊದಲ ಹೆಸರು ಚೀಸ್ ಎಂದಿರಬೇಕು. ತಾಳೆ ಎಣ್ಣೆ ಅಥವಾ ವೆಜಿಟೆಬಲ್ ಆಯಿಲ್ ಎಂದು ಬರೆದಿದ್ದರೆ, ಅಥವಾ ‘ಅನಲಾಗ್’ ಎಂಬ ಪದ ಇದ್ದರೆ, ಅದು ಪೂರ್ತಿ ಹಾಲಿನ ಚೀಸ್ ಅಲ್ಲ. ಅದು ಅಗ್ಗ, ಚೆನ್ನಾಗಿ ನೂಲು ನೂಲಾಗಿಯೂ ಎಳೆಯುತ್ತದೆ, ಮಕ್ಕಳಿಗೆ ಖುಷಿಯಾಗಬಹುದು. ಆದರೆ ಹಾಲಿನ ಪೋಷಣೆ ಸಿಗುತ್ತದೆಂದು ನಂಬಿ ನಾವು ದುಡ್ಡು ಕೊಡುವುದಲ್ಲವೇ?

200 ಗ್ರಾಂ ಪೊಟ್ಟಣದಲ್ಲಿ ಸಾಮಾನ್ಯವಾಗಿ 20 ಗ್ರಾಂನ 10 ಸ್ಲೈಸ್ ಇರುತ್ತವೆ. ಐದು ಜನರ ಮನೆಗೆ ಒಂದು ಸಲಕ್ಕೆ 5 ಸ್ಲೈಸ್ ಸಾಕು. ಫ್ರಿಜ್ ಇಲ್ಲದವರು ಒಡೆದ ಪೊಟ್ಟಣ ಇಟ್ಟುಕೊಳ್ಳುವ ಹಾಗಿಲ್ಲ. ಇದಕ್ಕೆ ಆ ಸಂಘದವರೇ ಉಪಾಯ ಹುಡುಕಿದರು. ಸಭೆಯ ದಿನ ಇಬ್ಬರು ಸೇರಿ ಒಂದು ಪೊಟ್ಟಣ, ಒಂದು ದೊಡ್ಡ ಬ್ರೆಡ್ ತಂದು ಅರ್ಧ ಅರ್ಧ ಹಂಚಿಕೊಂಡು ಅವತ್ತೇ ಮುಗಿಸುತ್ತಾರೆ. ಬೆಲೆ ಊರಿಂದ ಊರಿಗೆ ಬೇರೆ ಇರುವುದರಿಂದ ನಾವು ಲೆಕ್ಕ ಬರೆಯುವುದಿಲ್ಲ. ನೀವೇ ಒಮ್ಮೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬ್ರೆಡ್, ಚೀಸ್, ತರಕಾರಿ, ಕಾಳು ಎಲ್ಲ ಕೂಡಿಸಿ ಪೇಟೆಯ ಬಿಲ್ಲಿನ ಪಕ್ಕ ಇಟ್ಟು ನೋಡಿ.

ಬ್ರೆಡ್ಡಿನ ಬಗ್ಗೆ ಎರಡು ಮಾತು. ಕಂದು ಬಣ್ಣ ಇದ್ದ ಮಾತ್ರಕ್ಕೆ ಗೋಧಿ ಬ್ರೆಡ್ ಆಗುವುದಿಲ್ಲ, ಮೈದಾಕ್ಕೆ ಬಣ್ಣ ಹಾಕಿಯೂ ಮಾಡುತ್ತಾರೆ. ಗೋಧಿ ಹಿಟ್ಟು ನೂರಕ್ಕೆ ಎಷ್ಟು ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ, ನೋಡಿ. ಹಿಟ್ಟಿಗೆ ಹಾಕುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್ ಎಂಬ ರಾಸಾಯನಿಕವನ್ನು 2016ರಲ್ಲಿ ಸರ್ಕಾರ ನಿಷೇಧಿಸಿತು. ‘ಬ್ರೆಡ್ ತಿಂದರೆ ಕ್ಯಾನ್ಸರ್’ ಎಂದು ಆಗ ಹಬ್ಬಿದ ಹೆದರಿಕೆ ಈಗಲೂ ಕೆಲವರಲ್ಲಿ ಇರುವುದರಿಂದ ಇದನ್ನು ಹೇಳಿದೆವು. ಹೊಸ ಬ್ರೆಡ್ಡಿಗಿಂತ ಹಿಂದಿನ ದಿನದ್ದು ಕಾವಲಿಯಲ್ಲಿ ಚೆನ್ನಾಗಿ ಗರಿಯಾಗುತ್ತದೆ. ಆದರೆ ಎಲ್ಲಾದರೂ ಬೂಷ್ಟು ಕಂಡರೆ ಆ ಭಾಗ ಕಿತ್ತು ಉಳಿದದ್ದನ್ನು ತಿನ್ನಬೇಡಿ, ಪೂರ್ತಿ ಬಿಸಾಡಿ. ಬೂಷ್ಟಿನ ಬೇರು ಕಣ್ಣಿಗೆ ಕಾಣದ ಹಾಗೆ ಒಳಗೆ ಹರಡಿರುತ್ತದೆ.

ಇನ್ನು ಒಳಗಿನ ಪಲ್ಯ. ಹೊಟ್ಟೆ ತುಂಬಿಸುವುದು ಇದೇ. ಅಯ್ಯಂಗಾರ್ ಬೇಕರಿಯ ಖಾರದ ಟೋಸ್ಟ್ ತಿಂದವರಿಗೆ ಇದರ ರುಚಿ ಗೊತ್ತು: ಕ್ಯಾರೆಟ್, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹಾಕಿ ಬಾಡಿಸಿ, ಬೆಣ್ಣೆಯಲ್ಲಿ ಕಾಯಿಸಿದ ಬ್ರೆಡ್ಡಿನ ಮೇಲೆ ಹರಡಿ ಕೊಡುತ್ತಾರಲ್ಲ, ಅದು. ಹಾಸನದ ಕಡೆಯಿಂದ ಬೆಂಗಳೂರಿಗೆ ಹೋದ ಅಯ್ಯಂಗಾರರು ಬೇಕರಿ ಇಟ್ಟು ನೂರು ವರ್ಷದ ಮೇಲಾಯಿತು. ಈಗ ತಾಲ್ಲೂಕು ಕೇಂದ್ರಗಳಲ್ಲೂ ಆ ಬೋರ್ಡು ಕಾಣುತ್ತದೆ. ನಾವು ಅದೇ ಮಸಾಲೆಗೆ ಮೊಳಕೆ ಕಾಳು ಮತ್ತು ಆಲೂಗಡ್ಡೆ ಸೇರಿಸುತ್ತೇವೆ.

ಐದು ಜನರಿಗೆ ಬೇಕಾದದ್ದು ಇಷ್ಟು: ಬ್ರೆಡ್ 10 ಸ್ಲೈಸ್, ಚೀಸ್ 5 ಸ್ಲೈಸ್, ಬೇಯಿಸಿದ ಆಲೂಗಡ್ಡೆ ಮಧ್ಯಮ ಗಾತ್ರದ್ದು ಎರಡು, ಹಿಂದಿನ ದಿನ ನೆನೆಸಿ ಮೊಳಕೆ ಬರಿಸಿದ ಹೆಸರುಕಾಳು (ಒಣಗಿದ್ದಾಗ 100 ಗ್ರಾಂ), ಈರುಳ್ಳಿ ಎರಡು, ಕ್ಯಾರೆಟ್ ಒಂದು, ದಪ್ಪ ಮೆಣಸಿನಕಾಯಿ ಒಂದು, ಹಸಿಮೆಣಸಿನಕಾಯಿ ಎರಡು, ಒಂದು ತುಂಡು ಶುಂಠಿ, ಚಿಟಿಕೆ ಅರಿಶಿನ, ಸ್ವಲ್ಪ ಖಾರದ ಪುಡಿ, ಕೊತ್ತಂಬರಿ ಸೊಪ್ಪು, ಅರ್ಧ ನಿಂಬೆಹಣ್ಣು, ಪಲ್ಯಕ್ಕೆ ಎರಡು ಚಮಚ ಎಣ್ಣೆ. ಕಾಯಿಸಲು ಬೆಣ್ಣೆ ಅಥವಾ ತುಪ್ಪ.

ಕಾಳನ್ನು ಸ್ವಲ್ಪ ನೀರಿನಲ್ಲಿ ಬೇಯಿಸಿ ಪೂರ್ತಿ ಬಸಿಯಿರಿ. ಎಣ್ಣೆ ಕಾಯಿಸಿ ಶುಂಠಿ, ಹಸಿಮೆಣಸಿನಕಾಯಿ, ಈರುಳ್ಳಿ ಹಾಕಿ ಬಾಡಿಸಿ. ತುರಿದ ಕ್ಯಾರೆಟ್, ಸಣ್ಣಗೆ ಹೆಚ್ಚಿದ ದಪ್ಪ ಮೆಣಸಿನಕಾಯಿ, ಅರಿಶಿನ, ಖಾರದ ಪುಡಿ ಸೇರಿಸಿ. ಕಾಳು, ಪುಡಿ ಮಾಡಿದ ಆಲೂಗಡ್ಡೆ ಹಾಕಿ, ನೀರಿನ ಪಸೆ ಹೋಗುವ ತನಕ ಮಗುಚಿ. ಪಲ್ಯ ಪಾತ್ರೆ ಬಿಟ್ಟು ಉಂಡೆಯಾಗಿ ಬರಬೇಕು. ಇಳಿಸಿ ನಿಂಬೆರಸ, ಸೊಪ್ಪು ಹಾಕಿ. ಟೊಮೇಟೊ ಹಾಕುವ ಆಸೆ ಬಂದರೂ ಇದಕ್ಕೆ ಬೇಡ, ಬ್ರೆಡ್ಡು ಮೆತ್ತಗಾಗುತ್ತದೆ. ಉಪ್ಪು ನೀವು ಮಾಮೂಲಾಗಿ ಹಾಕುವ ಅರ್ಧದಷ್ಟೇ ಹಾಕಿ. ಚೀಸಿನ ಒಂದು ಸ್ಲೈಸಿನಲ್ಲೇ ಅರ್ಧ ಗ್ರಾಮಿಗಿಂತ ಹೆಚ್ಚು ಉಪ್ಪು ಇರುತ್ತದೆ, ಬ್ರೆಡ್ಡಿನಲ್ಲೂ ಇರುತ್ತದೆ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಯಲ್ಲಿ ಬಿ.ಪಿ. ಇರುವ ಅತ್ತೆ ಮಾವ ಇದ್ದರೆ ಅವರ ಪಾಲಿಗೆ ಚೀಸು ಅರ್ಧ ಸ್ಲೈಸ್ ಸಾಕು, ಉಪ್ಪಿನಕಾಯಿ ಪಕ್ಕಕ್ಕಿಡಿ.

ಈಗ ಜೋಡಿಸುವುದು. ಇಲ್ಲಿ ನಾವು ಕಲಿತ ಮುಖ್ಯ ಪಾಠ ಎರಡು. ಒಂದು, ಪಲ್ಯ ಬಿಸಿಯಾಗಿರುವಾಗಲೇ ತುಂಬಬೇಕು. ಆಗ ಚೀಸು ಹೊರಗಿನ ಕಾವಿಗೂ ಕರಗುತ್ತದೆ, ಒಳಗಿನ ಬಿಸಿಗೂ ಕರಗುತ್ತದೆ, ಬ್ರೆಡ್ಡು ಸೀಯುವ ತನಕ ಕಾಯಬೇಕಾಗಿಲ್ಲ. ಎರಡು, ಚೀಸನ್ನು ಪಲ್ಯದ ಮೇಲೆ ಒಂದೇ ಕಡೆ ಇಡದೆ, ಸ್ಲೈಸನ್ನು ಎರಡು ಭಾಗ ಮಾಡಿ ಅರ್ಧ ಕೆಳಗೆ, ಅರ್ಧ ಮೇಲೆ ಇಡಿ. ಕರಗಿದ ಚೀಸು ಅಂಟಿನ ಹಾಗೆ ಕೆಲಸ ಮಾಡುತ್ತದೆ. ಕೆಳಗಿನ ಬ್ರೆಡ್ಡಿಗೆ ಪಲ್ಯ ಅಂಟುತ್ತದೆ, ಮೇಲಿನದ್ದಕ್ಕೂ ಅಂಟುತ್ತದೆ, ತಿರುವಿ ಹಾಕಿದರೂ ಸುರಿಯುವುದಿಲ್ಲ. ಗಟ್ಟಿ ಚೀಸಾದರೆ ತುರಿದು ಹಾಕಿ, ತುಂಡು ಬೇಡ.

ಕಾವಲಿ ಕಾಯಲಿ, ಆಮೇಲೆ ಉರಿ ಸಣ್ಣ ಮಾಡಿ. ಸೌದೆ ಒಲೆಯವರು ಸೌದೆ ಹಿಂದಕ್ಕೆಳೆದು ಕೆಂಡದ ಮೇಲೆ ಮಾಡಿ. ನಮಗೆ ತಿಳಿದ ಮಟ್ಟಿಗೆ ಕೆಂಡದ ಮೇಲೆ ಮಾಡಿದ್ದೇ ಹೆಚ್ಚು ರುಚಿ. ಬ್ರೆಡ್ಡಿನ ಹೊರಮೈಗೆ ತೆಳ್ಳಗೆ ಬೆಣ್ಣೆ ಸವರಿ ಕಾವಲಿಗಿಟ್ಟು, ಮೇಲೆ ಒಂದು ಚಪ್ಪಟೆ ತಟ್ಟೆ, ಅದರ ಮೇಲೆ ನೀರು ತುಂಬಿದ ಚೊಂಬು ಇಡಿ. ಸ್ಯಾಂಡ್‌ವಿಚ್ ಮಾಡುವ ಕರೆಂಟ್ ಮೆಷಿನ್ ಬೇಕೇ ಬೇಕು ಎಂದೇನೂ ಇಲ್ಲ, ಆ ಚೊಂಬೇ ನಮ್ಮ ಮೆಷಿನ್ನು. ಮೂರು ನಾಲ್ಕು ನಿಮಿಷಕ್ಕೆ ಕೆಳಗೆ ಹೊಂಬಣ್ಣ ಬರುತ್ತದೆ. ತಿರುವಿ ಹಾಕಿದ ಮೇಲೆ ಎರಡು ನಿಮಿಷ ಸಾಕು.

ದೋಸೆ ಕಾವಲಿಯಲ್ಲಿ ಒಂದು ಸಲಕ್ಕೆ ಎರಡೇ ಹಿಡಿಯುತ್ತವೆ. ಐದು ಮಾಡಲು ಮೂರು ಸರದಿ. ಮೊದಲು ಬೆಂದದ್ದನ್ನು ಮಕ್ಕಳಿಗೆ, ಆಮೇಲಿನದನ್ನು ಯಜಮಾನರಿಗೆ, ಅತ್ತೆಗೆ ಕೊಟ್ಟು, ಕೊನೆಯದನ್ನು ಮಾಡುವಾಗ ಯಾರೋ “ಅಮ್ಮಾ, ಇನ್ನೊಂದು” ಎನ್ನುತ್ತಾರೆ. ಅಮ್ಮನದು ಹೋಯಿತು. ಇದನ್ನು ನಾವು ಎಷ್ಟು ಮನೆಗಳಲ್ಲಿ ನೋಡಿಲ್ಲ! 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಅದಕ್ಕೆ ಕಾರಣಗಳು ಬಹಳ, ಕೊನೆಗೆ ಉಳಿದದ್ದನ್ನು ತಿನ್ನುವ ಅಭ್ಯಾಸವೂ ಅದರಲ್ಲಿ ಒಂದು ಎಂದು ನಾವು ನಂಬುತ್ತೇವೆ. ಚೀಸಿನಿಂದ ರಕ್ತ ಬರುವುದಿಲ್ಲ, ಅದರಲ್ಲಿ ಕಬ್ಬಿಣದ ಅಂಶ ಇಲ್ಲವೆಂದೇ ಹೇಳಬೇಕು. ಸೊಪ್ಪು, ಕಾಳು, ರಾಗಿ ತಿನ್ನುವುದನ್ನು ಇದಕ್ಕಾಗಿ ಬಿಡಬೇಡಿ. ಆದರೆ ಪ್ರೋಟೀನ್ ಲೆಕ್ಕ ನೋಡಿ. ವಯಸ್ಕ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಚೀಸು, ಕಾಳು, ಬ್ರೆಡ್ಡು ಸೇರಿ ಈ ಒಂದು ಸ್ಯಾಂಡ್‌ವಿಚ್ಚಿನಲ್ಲಿ ಸುಮಾರು 12 ಗ್ರಾಂ ಸಿಗುತ್ತದೆ, ದಿನದ ಕಾಲು ಭಾಗ. ಅದು ತಿಂದವರಿಗೆ ಸಿಗುತ್ತದೆ, ಮಾಡಿದವರಿಗಲ್ಲ.

ಅದಕ್ಕೆ ಹೀಗೆ ಮಾಡಿ. ಐದನ್ನೂ ಮೊದಲೇ ಜೋಡಿಸಿ ತಟ್ಟೆಯಲ್ಲಿಡಿ, ಐದು ಜನಕ್ಕೆ ಐದು ಎಂದು ಎಲ್ಲರ ಕಣ್ಣಿಗೂ ಕಾಣಲಿ. ಜೋಡಿಸುವ ಕೆಲಸ ಮಕ್ಕಳಿಗೂ ಅವರ ಅಪ್ಪನಿಗೂ ಕೊಡಿ, ಅದಕ್ಕೆ ವಿದ್ಯೆ ಬೇಕಾಗಿಲ್ಲ. ಇನ್ನೊಂದು ಬರ್ನರಿನ ಮೇಲೆ ಚಪಾತಿ ಕಾವಲಿ ಇಟ್ಟು ಅತಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಬೆಂದದ್ದನ್ನು ಅದರ ಮೇಲೆ ಸಾಲಾಗಿ ಒರಗಿಸಿ ನಿಲ್ಲಿಸಿ. ಹಾಟ್‌ಬಾಕ್ಸಿಗೆ ಹಾಕಿ ಮುಚ್ಚಬೇಡಿ, ಒಳಗಿನ ಹಬೆ ಹೊರಗೆ ಹೋಗದೆ ಬ್ರೆಡ್ಡು ತೊಯ್ದ ಹಾಗಾಗುತ್ತದೆ. ಒಂದೇ ಒಲೆಯಿದ್ದರೆ ಮೊರದಲ್ಲಿ ಒಣ ಬಟ್ಟೆ ಹಾಸಿ ಅದರ ಮೇಲಿಟ್ಟು, ಇನ್ನೊಂದು ಬಟ್ಟೆ ಸಡಿಲವಾಗಿ ಮುಚ್ಚಿ. ಮೂರನೇ ಸರದಿ ಇಳಿಸಿದ ಮೇಲೆ ಒಲೆ ಆರಿಸಿ, ಆಮೇಲೆ ಎಲ್ಲರಿಗೂ ಒಟ್ಟಿಗೆ ಬಡಿಸಿ. ಒಟ್ಟು ಕಾಯುವುದು ಹದಿನೈದು ಇಪ್ಪತ್ತು ನಿಮಿಷ. ಮಕ್ಕಳು ಅಷ್ಟು ಹೊತ್ತು ಕಾದರೆ ಸಾಯುವುದಿಲ್ಲ. ಕಾಯುವಾಗ ಒಂದೊಂದು ಕ್ಯಾರೆಟ್ ತುಂಡು ಕೊಡಿ.

“ಅನ್ನ ಇಲ್ದೆ ಅದೆಂಥ ಊಟ” ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ. ಅವರನ್ನು ಒಪ್ಪಿಸಲು ಮಾತಿಗಿಂತ ಒಂದು ಲೋಟ ಬಿಸಿ ಟೊಮೇಟೊ ಸಾರು ಹೆಚ್ಚು ಕೆಲಸ ಮಾಡುತ್ತದೆ. ಬಿಟ್ಟುಬಿಟ್ಟ ಟೊಮೇಟೊ ಇಲ್ಲಿಗೆ ಬಂತು ನೋಡಿ. ಸಾರಿಗೆ ಅದ್ದಿಕೊಂಡು ತಿಂದರೆ ಹಲ್ಲಿಲ್ಲದವರಿಗೂ ಆಗುತ್ತದೆ. ಒಂದು ಮನೆಯ ಅಜ್ಜಿ ಹಾಗೆ ಅದ್ದಿ ತಿಂದು, “ರೊಟ್ಟಿಗಿಂತ ಮೆತ್ತಗದೆ ಕಣವ್ವಾ” ಎಂದರಂತೆ.

ಬ್ರೆಡ್ ಬೇಡ ಎನ್ನುವವರು ಎರಡು ತೆಳು ಚಪಾತಿಯ ನಡುವೆ ಇದೇ ಪಲ್ಯ, ಚೀಸು ಇಟ್ಟು ಕಾಯಿಸಬಹುದು. ಮೊಟ್ಟೆ ತಿನ್ನುವವರು ಆಲೂಗಡ್ಡೆಯ ಬದಲು ಬೇಯಿಸಿದ ಮೊಟ್ಟೆ ಹಿಸುಕಿ, ಮೆಣಸಿನ ಪುಡಿ ಹಾಕಿ. ಭಾನುವಾರದ ಕೋಳಿ ಒಣ ಪಲ್ಯ ಮಿಕ್ಕಿದ್ದರೆ ಮೂಳೆ ಬಿಡಿಸಿ ಸೇರಿಸಬಹುದು. ತಪಸ್ಸು ಕಾಲದ ಶುಕ್ರವಾರಗಳಿಗೆ ಮೇಲೆ ಹೇಳಿದ ಕಾಳಿನದ್ದೇ ಸರಿ.

ಹಸು ಸಾಕಿರುವ ಸಹೋದರಿಯರು ಕೇಳುತ್ತಾರೆ, “ಮನೇಲೇ ಹಾಲಿದೆಯಲ್ಲ ಸಿಸ್ಟರ್, ಪನೀರ್ ಹಾಕಿದ್ರೆ ಆಗಲ್ವಾ?” ಆಗುತ್ತದೆ, ಆದರೆ ಪನೀರ್ ಕರಗುವುದಿಲ್ಲ. ಕುದಿಯುವ ಹಾಲಿಗೆ ನಿಂಬೆರಸ ಹಾಕಿ ಒಡೆಸಿದಾಗ ಪ್ರೋಟೀನುಗಳು ಒಂದಕ್ಕೊಂದು ಬಿಗಿಯಾಗಿ ಹಿಡಿದುಕೊಂಡುಬಿಡುತ್ತವೆ, ಎಷ್ಟು ಕಾಯಿಸಿದರೂ ಬಿಡುವುದಿಲ್ಲ. ಆದ್ದರಿಂದ ಪನೀರನ್ನು ಪುಡಿ ಮಾಡಿ ಪಲ್ಯಕ್ಕೆ ಬೆರೆಸಿ, ಅಂಟಿಗೆ ಅರ್ಧ ಸ್ಲೈಸ್ ಚೀಸು ಇಟ್ಟರೆ ಖರ್ಚು ಇಳಿಯುತ್ತದೆ, ಹೊಟ್ಟೆಯೂ ತುಂಬುತ್ತದೆ. ಒಂದು ಲೀಟರ್ ಹಸುವಿನ ಹಾಲಿಗೆ ಸುಮಾರು 150 ಗ್ರಾಂ ಪನೀರ್ ಬರುತ್ತದೆ. ಒಡೆದ ನೀರನ್ನು ಚೆಲ್ಲದೆ ಸಾರಿಗೆ ಅಥವಾ ಚಪಾತಿ ಹಿಟ್ಟಿಗೆ ಹಾಕಿ. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆದು, ಪೂರ್ತಿ ಡೈರಿಗೆ ಹಾಕಿ ಬಂದು, ತಾವು ಕರಿ ಟೀ ಕುಡಿಯುವ ಸಹೋದರಿಯರನ್ನು ನಾವು ಬಲ್ಲೆವು. ವಾರಕ್ಕೆ ಒಂದು ಲೀಟರ್ ಮನೆಗೆ ಉಳಿಸಿಕೊಂಡರೆ ಹಾಲಿನ ಬಿಲ್ಲಿನಲ್ಲಿ ಎಷ್ಟು ಕಡಿಮೆಯಾಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ, ಆಮೇಲೆ ತೀರ್ಮಾನ ಮಾಡಿ.

ತಿಂಗಳಿಗೆ ಒಂದೆರಡು ಸಲ ಸಾಕು, ದಿನಾ ಮಾಡುವ ಅಡುಗೆಯಲ್ಲ ಇದು. ಸಭೆಯ ದಿನಕ್ಕೆ ಇಟ್ಟುಕೊಂಡರೆ ಅನುಕೂಲ: ಕಾಳು ಹಿಂದಿನ ದಿನವೇ ಮೊಳಕೆ ಬಂದಿರುತ್ತದೆ, ಆಲೂಗಡ್ಡೆ ಬೆಳಿಗ್ಗೆ ಅನ್ನದ ಜೊತೆ ಕುಕ್ಕರಿನಲ್ಲಿ ಬೆಂದಿರುತ್ತದೆ, ಸಂಜೆ ಬಂದು ಪಲ್ಯ ಬಾಡಿಸಿದರಾಯಿತು.

ಬ್ರೆಡ್ಡಿನ ತುದಿ ತುಂಡುಗಳು ಉಳಿಯುತ್ತವಲ್ಲ, ಅವನ್ನು ನೀವು ತಿನ್ನಬೇಡಿ. ಬಿಸಿಲಿನಲ್ಲಿ ಒಣಗಿಸಿ, ಪುಡಿ ಮಾಡಿ ಡಬ್ಬಕ್ಕೆ ಹಾಕಿಡಿ. ಪಲ್ಯ ಮಿಕ್ಕಿದ್ದರೆ ರಾತ್ರಿ ಹೊರಗೆ ಬಿಡಬೇಡಿ, ಫ್ರಿಜ್ ಇದ್ದವರು ಮುಚ್ಚಿಟ್ಟು, ಮಾರನೆ ಬೆಳಿಗ್ಗೆ ಉಂಡೆ ತಟ್ಟಿ ಈ ಪುಡಿಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಕಾಯಿಸಿದರೆ ಮಕ್ಕಳ ಟಿಫಿನ್ ಡಬ್ಬಕ್ಕೆ ಕಟ್ಲೆಟ್ ಆಯಿತು. ಮಾಡುವಾಗ ಒಂದು ಹೆಚ್ಚಿಗೆ ತಟ್ಟಿಕೊಳ್ಳಿ, ನಿಮಗೆ.